ರವಿಚಂದ್ರನ ಪರವಾಗಿ

ವಾಟ್ಸಾಪ್ ಗುಂಪಿನ ಹೆಸರು ‘ತೊಂಬತ್ತರ ಗುಂಗು’. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಎಪ್ಪತ್ತೆಂಬತ್ತು ಜನ ಅದರಲ್ಲಿದ್ದರು. ಶುರು ಮಾಡಿದವರು ಡ್ರಿಲ್ ಮೇಷ್ಟ್ರಾಗಿ ರಿಟೈರಾದ ಅಂಕಯ್ಯ. ತೊಂಬತ್ತರ ದಶಕದ ಸಿನಿಮಾ ಹಾಡು ಬಿಟ್ಟು ಬೇರೆ ಏನು ಹಾಕಿದರೂ, ಗುಲಾಬಿ ಹೂವಿನ ಶುಭೋದಯವಾದರೂ ಸರಿ, ಮೇಷ್ಟ್ರು ಅಂಥವರನ್ನು ಗುಂಪಿನಿಂದ ಹೊರಗೆ ನಿಲ್ಲಿಸುತ್ತಿದ್ದರು. ವಾರ ಬಿಟ್ಟು ಒಳಗೆ ಸೇರಿಸಿಕೊಳ್ಳುತ್ತಿದ್ದರು.

ಅಲ್ಲಿ ಮುಗಿಯದ ಜಗಳ ಒಂದಿತ್ತು. ಒಂದೇ ವರ್ಷ ಬಂದ ಎರಡು ಹಾಡುಗಳದ್ದು. ಎರಡೂ ರೇಡಿಯೋದ ಭಾನುವಾರದ ಕಾರ್ಯಕ್ರಮದಲ್ಲಿ ಒಂದನ್ನೊಂದು ಕೆಳಗೆ ತಳ್ಳಿಕೊಂಡು ವಾರಗಟ್ಟಲೆ ಮೊದಲ ಸ್ಥಾನದಲ್ಲಿದ್ದವು. ರೈಲು ಹೋದ ಮೇಲೆ ನಿಲ್ದಾಣದಲ್ಲಿ ಒಬ್ಬನೇ ಉಳಿದ ಹುಡುಗ ಹಾಡುವುದು ಒಂದು, ಮದುವೆ ಮನೆಯ ಕಿಟಕಿ ಹಿಡಿದು ಹುಡುಗಿ ಹಾಡುವುದು ಇನ್ನೊಂದು. ಗುಂಪಿನವರ ಬಾಯಲ್ಲಿ ಅವು ‘ರೈಲಿನ ಹಾಡು’ ಮತ್ತು ‘ಕಿಟಕಿ ಹಾಡು’. ಯಾವುದು ದೊಡ್ಡದು ಅನ್ನುವುದರ ಮೇಲೆ ಭಾವ ಭಾಮೈದುನರು ಮಾತು ಬಿಟ್ಟದ್ದೂ ಇತ್ತು.

ಮಳವಳ್ಳಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ರವಿಕೆ ಹೊಲಿದುಕೊಡುವ ನಾಗಮಣಿಯನ್ನು ಈ ಗುಂಪಿಗೆ ಸೇರಿಸಿದ್ದು ಅವಳ ಗಿರಾಕಿಯೊಬ್ಬಳು. ಅಲ್ಲಿ ಅವಳ ಹೆಸರು ಬರೀ ‘ಮಣಿ, ಮಳವಳ್ಳಿ’. ಸೇರಿದ ವಾರದಲ್ಲೇ ‘ರವಿಚಂದ್ರ, ಮಂಡ್ಯ’ ಅನ್ನುವವರ ಮಾತೊಂದು ಬಂತು. “ರೈಲಿನ ಹಾಡಿನ ಎರಡನೇ ಚರಣ ಕೇಳಿ. ಕೊಳಲು ತಟ್ಟನೆ ನಿಲ್ಲುತ್ತೆ, ಊದುವವನಿಗೇ ಗಂಟಲು ಕಟ್ಟಿದ ಹಾಗೆ. ಅಷ್ಟು ಸಾಕು. ಕಿಟಕಿ ಹಾಡಿನವರು ಮನೆಗೆ ಹೋಗಬಹುದು.”

ನಾಗಮಣಿ ಮಿಷನ್ ನಿಲ್ಲಿಸಿದಳು. ಈ ಮಾತನ್ನು ಅವಳು ಇಪ್ಪತ್ತನೇ ವಯಸ್ಸಿನಲ್ಲಿ ಬಸ್ಸಿನಲ್ಲಿ ಕೇಳಿದ್ದಳು.

ಆಗ ಅವಳು ಮದ್ದೂರಿನ ಕಾಲೇಜಿಗೆ ಹೋಗುತ್ತಿದ್ದಳು. ಚಿಕ್ಕರಸಿನಕೆರೆಯಿಂದಾಚೆಯ ಒಂದು ಸಣ್ಣ ಊರು ಅವಳದ್ದು. ಅದೇ ಊರಿನ ಕೆಳಗಿನ ಕೇರಿಯ ಕೆಂಪಸಿದ್ದಯ್ಯನವರ ಮಗ ರವಿಚಂದ್ರ. ಊರೊಳಗೆ ಅವರಿಬ್ಬರೂ ಮುಖ ಎತ್ತಿ ನೋಡುವಂತಿರಲಿಲ್ಲ; ಅವಳ ಮನೆಯವರು ಗೌಡರು, ಗದ್ದೆ ತೋಟ ಇದ್ದವರು. ಕೆಂಪಸಿದ್ದಯ್ಯನವರು ಅವರ ಗದ್ದೆಗೇ ಕೂಲಿಗೆ ಬರುತ್ತಿದ್ದವರು. ಆದರೆ ಬಸ್ಸು ಹತ್ತಿದ ಮೇಲೆ ಡ್ರೈವರು ಕ್ಯಾಸೆಟ್ ಹಾಕುತ್ತಿದ್ದ. ಹಿಂದಿನ ಸೀಟಿನಿಂದ ರವಿಚಂದ್ರ ರೈಲಿನ ಹಾಡಿನ ಪರ ಮಾತೆತ್ತುತ್ತಿದ್ದ. ಮುಂದೆ ನೋಡಿಕೊಂಡೇ ಅವಳು ಕಿಟಕಿ ಹಾಡಿನ ಪರ ಉತ್ತರ ಕೊಡುತ್ತಿದ್ದಳು. ಒಂದು ಮಳೆಗಾಲ, ಒಂದು ಸುಗ್ಗಿ ಕಳೆಯುವ ಹೊತ್ತಿಗೆ ಹಾಡಿನ ಜಗಳ ಬೇರೆಯೇ ಆಗಿತ್ತು. ಮೈಸೂರಿಗೆ ಹೋಗಿ ರಿಜಿಸ್ಟರ್ ಮದುವೆ ಆಗೋಣ ಅಂತ ಮಾತಾಯಿತು. ಮದ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ಒಂದು ಸೋಮವಾರ ಕಾದಿರುತ್ತೇನೆ ಅಂದಿದ್ದ.

ಅವನು ಬರಲಿಲ್ಲ. ಅವಳು ಬಂದಿದ್ದಳು. ಬಸ್ಸಿನ ಮೇಲೆ ಬಸ್ಸು ಹೋದವು. ಮಧ್ಯಾಹ್ನದ ಮೇಲೆ ಅಣ್ಣ ಹೊನ್ನಯ್ಯ ಬಂದು ಎದುರಿಗೆ ನಿಂತ. ಬಯ್ಯಲಿಲ್ಲ, ಹೊಡೆಯಲಿಲ್ಲ. “ಅವ್ನ್ ಬರಾಕಿಲ್ಲ ಕಣಮ್ಮ. ಮೈಸೂರ್ಗೆ ಒಂಟೋಗವ್ನೆ. ನಡಿ ಮನೀಗೆ” ಅಂದ. ಮುಂದಿನ ತಿಂಗಳೇ ಮಳವಳ್ಳಿಯ ರಾಜೇಂದ್ರನ ಜೊತೆ ಅವಳ ಮದುವೆಯಾಯಿತು. ಕೆಂಪಸಿದ್ದಯ್ಯನವರ ಮನೆಗೆ ಬೀಗ ಬಿದ್ದಿತ್ತು. ಎಲ್ಲರೂ ಊರು ಬಿಟ್ಟಿದ್ದರು. ರವಿಚಂದ್ರ ಹೆದರಿಕೊಂಡು ಕೈಬಿಟ್ಟ ಅಂತಲೇ ಅವಳು ಇಷ್ಟು ವರ್ಷ ತಿಳಿದಿದ್ದಳು. ಆ ಸಿಟ್ಟು ಅವಳನ್ನು ಒಂದು ಲೆಕ್ಕದಲ್ಲಿ ಕಾಪಾಡಿತ್ತು. ರಾಜೇಂದ್ರ ಒಳ್ಳೆಯವನು, ಕಡಿಮೆ ಮಾತಿನವನು. ಹಿಪ್ಪುನೇರಳೆ ತೋಟ ಮಾಡಿಕೊಂಡು ರೇಷ್ಮೆ ಹುಳ ಸಾಕುತ್ತಿದ್ದ. ಸಂಸಾರ ನಡೆದಿತ್ತು.

ಈಗ ಫೋನಿನಲ್ಲಿ ಅದೇ ಕೊಳಲಿನ ಮಾತು. ಅವಳು ಬರೆದಳು: “ಕೊಳಲು ನಿಂತರೆ ಅದು ಹಾಡಿನವರ ಬುದ್ಧಿವಂತಿಕೆ. ಕಿಟಕಿ ಹಾಡಿನಲ್ಲಿ ಹುಡುಗಿ ಕೊನೆಯ ಸಾಲನ್ನು ಪೂರ್ತಿ ಹೇಳುವುದೇ ಇಲ್ಲ. ಅದು ಸಂಕಟ. ನಿಮಗೆ ಎರಡಕ್ಕೂ ವ್ಯತ್ಯಾಸ ತಿಳಿಯದು.”

ಇದೂ ಬಸ್ಸಿನ ಮಾತೇ. ಆ ಕಡೆಯಿಂದ ಬಹಳ ಹೊತ್ತು ಉತ್ತರ ಬರಲಿಲ್ಲ. ಸಂಜೆ ಒಂದೇ ಸಾಲು ಬಂತು: “ತಿಳಿಯದೆ ಏನು? ಇನ್ನೊಮ್ಮೆ ಕೇಳಿ ಹೇಳುತ್ತೇನೆ.”

ಅಲ್ಲಿಂದ ಜಗಳ ಅವರಿಬ್ಬರದ್ದೇ ಆಯಿತು. ಉಳಿದವರು ಅತ್ತ ಇತ್ತ ಸೇರಿ ಚಪ್ಪಾಳೆ ತಟ್ಟುತ್ತಿದ್ದರು. ನೀವು ಯಾರು ಅಂತ ನಾಗಮಣಿ ಕೇಳಲಿಲ್ಲ, ಅವರೂ ಕೇಳಲಿಲ್ಲ. ಬೇರೆ ಏನೂ ಬೇಕಿರಲಿಲ್ಲ ಅವಳಿಗೆ. ಹೊಲಿಗೆ ಹಾಕುತ್ತಾ ಬೆಳಗೆಲ್ಲ ಉತ್ತರ ಯೋಚಿಸುವಳು. ಬಸ್ ಸ್ಟ್ಯಾಂಡಿನ ಸಿಟ್ಟು ಯಾವಾಗ ಕರಗಿತೋ ಅವಳಿಗೇ ಗೊತ್ತಾಗಲಿಲ್ಲ. ಗುಂಡಿ ಹಾಕದ ಕಾಜದಂತೆ ಮಾತು ಬಾಯಿ ಬಿಟ್ಟುಕೊಂಡು ಉಳಿದಿತ್ತಲ್ಲ ಇಷ್ಟು ದಿನ, ಈಗ ಯಾರೋ ಉತ್ತರ ಕೊಡುತ್ತಿದ್ದಾರೆ ಅನ್ನಿಸುತ್ತಿತ್ತು.

ಅಂಕಯ್ಯ ಮೇಷ್ಟ್ರು ಮುತ್ತತ್ತಿಯಲ್ಲಿ ಎಲ್ಲರೂ ಸೇರೋಣ ಅಂದರು. ಆಂಜನೇಯನ ದರ್ಶನ, ಹೊಳೆ ದಡದಲ್ಲಿ ಊಟ, ಆಮೇಲೆ ಜಗಳದ ತೀರ್ಮಾನ. ‘ರವಿಚಂದ್ರ, ಮಂಡ್ಯ’ ಬರುತ್ತೇನೆ ಅಂತ ಹಾಕಿದ್ದು ನೋಡಿ ನಾಗಮಣಿಯೂ ಹಾಕಿದಳು. ಗಂಡನಿಗೆ ಹೇಳಿದರೆ, “ಓಗ್ಬುಟ್ಟು ಬಾ. ಕೋತಿ ಕಾಟ ಐತೆ, ಬ್ಯಾಗು ಬದ್ರ” ಅಂದ.

ಭಾನುವಾರ ಕಾವೇರಿ ತುಂಬಿಯೂ ಇರಲಿಲ್ಲ, ಬತ್ತಿಯೂ ಇರಲಿಲ್ಲ. ಮರದ ಕೆಳಗೆ ಜಮಖಾನ ಹಾಸಿ, ಪುಳಿಯೋಗರೆ ಡಬ್ಬಿಗಳ ಮೇಲೆ ಬಟ್ಟೆ ಮುಚ್ಚಿ, ಸ್ಪೀಕರ್ ಇಟ್ಟು, ಮೂವತ್ತು ಜನ ಸೇರಿದ್ದರು. ನಾಗಮಣಿ ಬರುವ ಗಂಡಸರನ್ನೆಲ್ಲ ಒಬ್ಬೊಬ್ಬರಾಗಿ ನೋಡುತ್ತಿದ್ದಳು. ಕೂದಲು ಉದುರಿರಬಹುದು, ಹೊಟ್ಟೆ ಬಂದಿರಬಹುದು. ಯಾರೂ ಅವನಲ್ಲ.

ಕೊನೆಗೆ ಒಬ್ಬ ಹೆಂಗಸು ಬಂದಳು. ತಿಳಿ ನೀಲಿ ಕಾಟನ್ ಸೀರೆ, ಕೈಯಲ್ಲಿ ನೀರಿನ ಬಾಟಲಿ.

“ನಾನು ವನಜಾ. ರವಿಚಂದ್ರ ಅವರ ಮನೆಯವಳು” ಅಂದಳು ಅಂಕಯ್ಯನವರಿಗೆ.

“ಸಾಹೇಬ್ರೆಲ್ಲಮ್ಮ? ಸೋಲ್ತೀನಿ ಅಂತ ನಿಮ್ಮುನ್ ಕಳ್ಸುದ್ರಾ?” ಅಂತ ಮೇಷ್ಟ್ರು ನಕ್ಕರು.

“ಅವರು ಬರೋದಿಕ್ಕೆ ಆಗ್ಲಿಲ್ಲ. ಅವರ ಪರವಾಗಿ ನಾನೇ ಮಾತಾಡ್ತೀನಿ.”

ಊಟಕ್ಕೆ ಮುಂಚೆಯೇ ಜಗಳ ಶುರುವಾಯಿತು. ಎರಡೂ ಹಾಡು ಹಾಕಿದರು. ನಿಡಘಟ್ಟದ ಯಶೋದಮ್ಮ ಅನ್ನುವವರು, “ರೈಲಿನ್ ಹಾಡ್ ಕೇಳಿ ನಮ್ಮೆಜ್ಮಾನ್ರು ಅತ್ಬುಟ್ರು, ಅವ್ರಪ್ಪ ಸತ್ತಾಗ್ಲೂ ಅತ್ತಿರ್ಲಿಲ್ಲ” ಅಂದರು. “ಅದು ನಿಮ್ಮೆಜ್ಮಾನ್ರ್ ವಿಸ್ಯ, ಹಾಡಿನ್ ವಿಸ್ಯ ಯೋಳಿ” ಅಂತ ಒಬ್ಬ ಕೂಗಿದ. ಎಲ್ಲರೂ ನಕ್ಕರು. ವನಜಾ ಎದ್ದು ನಿಂತು ಕೊಳಲಿನ ಮಾತು ಹೇಳಿದಳು, ರಾಗ ಎಲ್ಲಿ ತಗ್ಗುತ್ತದೆ ಅಂತ ಹೇಳಿದಳು. ಯಾರೋ ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿದವಳ ಹಾಗೆ ಒಂದೊಂದೇ ಮಾತನ್ನು ಜೋಪಾನವಾಗಿ ಇಟ್ಟಳು. ಆಮೇಲೆ, “ಮಳವಳ್ಳಿಯ ಮಣಿ ಅನ್ನೋರು ಯಾರು? ಅವರು ಏನಂತಾರೆ?” ಅಂತ ಕೇಳಿದಳು.

ನಾಗಮಣಿ ಎದ್ದಳು. “ಇವತ್ತು ರೈಲಿನ ಹಾಡೇ ಗೆಲ್ಲಲಿ” ಅಂದು ಕುಳಿತುಬಿಟ್ಟಳು. “ಇದ್ಯಾವ ನ್ಯಾಯ ಕಣಮ್ಮ!” ಅಂತ ಕಿಟಕಿ ಹಾಡಿನವರು ಗದ್ದಲ ಮಾಡಿದರು.

ಊಟದ ಎಲೆ ತೆಗೆಯುವಾಗ ವನಜಾ ಅವಳ ಪಕ್ಕಕ್ಕೆ ಬಂದು, “ಹೊಳೆ ಹತ್ರ ಹೋಗೋಣ ಬನ್ನಿ” ಅಂದಳು. ಇಬ್ಬರೂ ಒಂದು ಬಂಡೆಯ ಮೇಲೆ ಕುಳಿತರು.

“ನೀವು ನಾಗಮಣಿ ಅಲ್ವಾ?”

ನಾಗಮಣಿ ತಲೆ ಆಡಿಸಿದಳು. “ಅವ್ರು... ಯಾಕ್ ಬರ್ಲಿಲ್ಲ?”

“ತೀರ್ಕೊಂಡ್ರು. ಎರಡು ವರ್ಷ ಆಯ್ತು. ಕಾಲೇಜಿನಲ್ಲಿ ಪಾಠ ಮಾಡ್ತಿದ್ದಾಗ್ಲೇ ಎದೆನೋವು ಬಂತು. ಆಸ್ಪತ್ರೆ ಮುಟ್ಟೋ ಹೊತ್ಗೆ ಇರ್ಲಿಲ್ಲ.”

ಹೊಳೆಯಲ್ಲಿ ಯಾರದೋ ಮಕ್ಕಳು ನೀರೆರಚಿಕೊಂಡು ಕೂಗುತ್ತಿದ್ದರು. ನಾಗಮಣಿ ಅವರನ್ನೇ ನೋಡುತ್ತಾ ಕುಳಿತಳು.

“ಮತ್ತೆ ಇಷ್ಟ್ ದಿನ ಬರೀತಿದ್ದುದ್ದು?”

“ನಾನು” ಅಂದಳು ವನಜಾ. “ತಿಥಿ ಆದ ಮೇಲೆ ಅವರ ಫೋನ್ ಆಫ್ ಮಾಡೋಣ ಅಂತ ತೆಗೆದೆ. ಗುಂಪಿನಲ್ಲಿ ಯಾರೋ ಹಾಕಿದ್ರು, ‘ರವಿ ಸರ್ ಯಾಕೆ ಸುಮ್ಮನಾದ್ರು, ಸೋತ್ರಾ?’ ಅಂತ. ನಂಗೆ ತಡೆಯಕ್ಕಾಗ್ಲಿಲ್ಲ. ಇಪ್ಪತ್ತು ವರ್ಷ ಆ ಹಾಡಿನ ಮಾತು ಕೇಳಿ ಕೇಳಿ ನನಗೆ ಬಾಯಿಗೆ ಬಂದಿತ್ತು. ಅವರು ಏನು ಹೇಳ್ತಿದ್ರೋ ಅದನ್ನೇ ಹಾಕಿದೆ. ಎಲ್ಲರೂ ಅವರ ಜೊತೆಗೇ ಮಾತಾಡೋ ಹಾಗೆ ಮಾತಾಡಿದ್ರು. ಇನ್ನೊಂದ್ಸಲ ಹಾಕಿದೆ. ಆಮೇಲೆ ನಿಲ್ಲಿಸೋಕೆ ಆಗ್ಲಿಲ್ಲ.” ಅವಳು ಬಾಟಲಿಯನ್ನು ಬಂಡೆಯ ಮೇಲಿಟ್ಟಳು. “ನೀವು ಆ ಕೊನೆ ಸಾಲಿನ ಮಾತು ಹಾಕಿದ ದಿನವೇ ಗೊತ್ತಾಯ್ತು. ಬಸ್ಸಿನಲ್ಲಿ ಒಬ್ಬ ಹುಡುಗಿ ಹೀಗನ್ನೋಳು ಅಂತ ಅವರು ಹೇಳಿದ್ರು. ಮದುವೆಗೆ ಮುಂಚೆಯೇ ಎಲ್ಲಾ ಹೇಳಿದ್ರು, ಮುಚ್ಚಿಡ್ಲಿಲ್ಲ. ನಾನೂ ಕೇಳಿ ಸುಮ್ಮನಾಗಿದ್ದೆ. ಆದರೆ ಇಪ್ಪತ್ತು ವರ್ಷ ಅವರು ವಾದ ಮಾಡಿದ್ದು ನನ್ನ ಜೊತೆ ಅಲ್ಲ ಅಂತ ಆವತ್ತು ಅನ್ನಿಸ್ತು. ನೀವು ಹೇಗಿದೀರ ನೋಡಬೇಕಿತ್ತು. ಅದಕ್ಕೇ ಬಂದೆ.”

ನಾಗಮಣಿ, ಕೇಳಬಾರದಿತ್ತೇನೋ ಅಂದುಕೊಳ್ಳುತ್ತಲೇ ಕೇಳಿದಳು. “ಅವತ್ತು ಬಸ್ ಸ್ಟ್ಯಾಂಡಿಗೆ ಯಾಕ್ ಬರ್ಲಿಲ್ಲ ಅಂತ ಯೋಳಿದ್ರಾ?”

ವನಜಾ ಅವಳ ಮುಖವನ್ನೇ ನೋಡಿದಳು. “ನಿಮಗೆ ಗೊತ್ತಿಲ್ವಾ?”

“ಮೈಸೂರ್ಗೆ ಒಂಟೋದ್ರು ಅಂದ್ರು.”

“ಹಿಂದಿನ ದಿನ ಸಂಜೆ ನಿಮ್ಮಣ್ಣ, ಜೊತೆಗೆ ಇನ್ನಿಬ್ಬರು, ಗದ್ದೆ ಬದೀಲಿ ಅವರನ್ನ ಹಿಡ್ಕೊಂಡ್ರಂತೆ. ಎಡಗಿವಿಗೆ ಬಿದ್ದ ಏಟಿಗೆ ತಮಟೆ ಹರಿದುಹೋಯ್ತು. ನಮ್ಮ ಮಾವನೇ ಅವರನ್ನ ಹೊತ್ಕೊಂಡು ಮಂಡ್ಯ ಆಸ್ಪತ್ರೆಗೆ ಬಂದ್ರು. ವಾಪಸ್ ಊರಿಗೆ ಹೋಗ್ಲೇ ಇಲ್ಲ. ಕಂಪ್ಲೇಂಟ್ ಕೊಟ್ರೆ ಕೇರಿಗೆ ಬೆಂಕಿ ಬೀಳುತ್ತೆ ಅಂದಿದ್ರಂತೆ.” ವನಜಾ ತನ್ನ ಎಡಗಿವಿಯ ಮೇಲೆ ಕೈಯಿಟ್ಟು ತೋರಿಸಿದಳು. “ಆ ಕಿವಿ ಕೊನೇವರೆಗೂ ಕೇಳಲಿಲ್ಲ. ಹಾಡು ಹಾಕಿದ್ರೆ ಬಲಗಿವಿ ಸ್ಪೀಕರ್ ಕಡೆ ತಿರುಗಿಸಿ ಕೂರೋರು. ನಾನು ಯಾವಾಗಲೂ ಅವರ ಬಲಗಡೆಗೇ ಇರ್ತಿದ್ದೆ.”

ನಾಗಮಣಿ ಬಂಡೆಯ ಮೇಲೆ ಅಂಗೈ ಊರಿ ಬಗ್ಗಿದಳು. ವನಜಾ ಬಾಟಲಿಯ ಮುಚ್ಚಳ ತೆಗೆದು ನೀರು ಕೊಟ್ಟಳು. ಬೆನ್ನು ಸವರಲು ಕೈ ಎತ್ತಿ ಹಾಗೇ ಇಳಿಸಿದಳು.

“ನನ್ ಮೇಲೆ ಕೋಪ ಇತ್ತಾ ಅವ್ರ್ಗೆ?”

“ಇಲ್ಲ. ನಿಮಗೆ ಎಲ್ಲಾ ಗೊತ್ತಿದ್ದೂ ಸುಮ್ಮನಿದ್ರಿ ಅಂತ ಅಂದ್ಕೊಂಡಿದ್ರು. ಆ ಮನೇಲಿ ಹುಡುಗಿ ಏನ್ ಮಾಡಕ್ಕಾಗುತ್ತೆ ಅನ್ನೋರು.”

ಅದು ಕೋಪಕ್ಕಿಂತ ಕೆಟ್ಟದ್ದಾಗಿತ್ತು. ತನಗೆ ಗೊತ್ತಿರಲಿಲ್ಲ ಅಂತ ಹೇಳಲು ಈಗ ಆ ಮನುಷ್ಯನೇ ಇರಲಿಲ್ಲ.

ಸಂಜೆಯ ಹೊತ್ತಿಗೆ ವನಜಾ ಗುಂಪಿನಲ್ಲಿ ಬರೆದಳು: “ರವಿಚಂದ್ರ ಅವರು ಎರಡು ವರ್ಷದ ಹಿಂದೆ ತೀರಿಕೊಂಡರು. ಇಲ್ಲಿಯವರೆಗೆ ಬರೆದದ್ದು ನಾನು. ತಪ್ಪಾಗಿದ್ದರೆ ಕ್ಷಮಿಸಿ. ಇಂದು ಅವರ ಹಾಡು ಗೆದ್ದಿತು.” ಆಮೇಲೆ ಅವಳು ಗುಂಪು ಬಿಟ್ಟಳು. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಅಂಕಯ್ಯ ಮೇಷ್ಟ್ರು ಮೂರು ದಿನ ಯಾರೂ ಹಾಡು ಹಾಕಬೇಡಿ ಅಂದರು. ಯಶೋದಮ್ಮ ಎರಡು ಸಾಲು ಬರೆದರು. ನಾಗಮಣಿ ಏನೂ ಬರೆಯಲಿಲ್ಲ. ಅವನಿಗೆ ತಾನು ಏನಾಗಬೇಕು ಅಂತ ಬರೆಯುವುದು?

ಮಾರನೆಯ ದಿನ ಅವಳು ತವರಿಗೆ ಹೋದಳು. ಅಣ್ಣ ಜಗಲಿಯ ಮೇಲೆ ಕುಳಿತಿದ್ದ. ಅತ್ತಿಗೆ ಮಾಯಮ್ಮ, “ಏನ್ ನಾಗಮಣಿ, ಒಂದ್ ಫೋನೂ ಇಲ್ದೆ?” ಅಂತ ಎದ್ದು ಬಂದಳು.

“ಅಣ್ಣ, ಕೆಂಪಸಿದ್ದಯ್ಯನ್ ಮಗನ್ನ ನೀನು ಹೊಡ್ದ್ಯಾ?”

ಹೊನ್ನಯ್ಯ ಮುದುಕನಾಗಿದ್ದ. ಕನ್ನಡಕ ತೆಗೆದು ಪಂಚೆಯ ತುದಿಗೆ ಒರೆಸಿದ. “ಅದ್ಯಾಕವ್ವಾ ಈಗ? ಎಲ್ಲಾ ಮುಗ್ದೋದುದ್ದು.”

“ಹೊಡ್ದ್ಯಾ ಇಲ್ವಾ?”

“ಅಪ್ಪ ಯೋಳ್ತು. ನಂಗೂ ಬಿಸಿ ರಕ್ತ. ಏನೋ ಆಗೋಯ್ತು ಬುಡು. ನಿನ್ ಸಂಸಾರ ಚೆನ್ನಾಗೈತಲ್ಲ.”

“ಅವ್ರ್ ಕಿವಿ ಓಯ್ತು ಅಣ್ಣ. ಈಗ ಅವ್ರೇ ಓದ್ರು. ನಾನವ್ರುನ್ನ ಹೇಡಿ ಅಂದ್ಕಂಡೇ ಇಷ್ಟ್ ವರ್ಸ ಬದುಕ್ದೆ.”

ಹೊನ್ನಯ್ಯ ಕನ್ನಡಕ ಒರೆಸುತ್ತಲೇ ಇದ್ದ. ಮಾಯಮ್ಮ ಒಳಗಿನಿಂದ ಕುಂಕುಮದ ಬಟ್ಟಲು ತಂದು, “ಊಟ ಬ್ಯಾಡ ಅಂದ್ರೂ ಇದನ್ನಾರ ಇಟ್ಕಂಡೋಗು, ಎಣ್ಮಗ್ಳು ಬರಿ ಅಣೇಲಿ ಓಗ್ಬಾರ್ದು” ಅಂದಳು. ಅತ್ತಿಗೆಯ ಕಣ್ಣಲ್ಲಿ ನೀರಿತ್ತು. ನಾಗಮಣಿ ಬಟ್ಟಲನ್ನು ಮೆತ್ತಗೆ ಪಕ್ಕಕ್ಕೆ ಸರಿಸಿದಳು. “ನಿಮ್ ಮ್ಯಾಲೆ ಕ್ವಾಪ ಇಲ್ಲ ಅತ್ಗೆಮ್ಮ. ಇನ್ ನಾನ್ ಈ ಮನೀಗ್ ಬರಾಕಿಲ್ಲ” ಅಂದು ಮೆಟ್ಟಿಲಿಳಿದಳು.

ಮಳವಳ್ಳಿಗೆ ಬಂದಾಗ ರಾಜೇಂದ್ರ ಹುಳುವಿಗೆ ಸೊಪ್ಪು ಹಾಕುತ್ತಿದ್ದ. ಅವಳು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಬಸ್ಸು, ಹಾಡು, ಬಸ್ ಸ್ಟ್ಯಾಂಡು, ಗುಂಪು, ಮುತ್ತತ್ತಿ, ಅಣ್ಣ. ಅವನು ತಟ್ಟೆಯ ಮೇಲೆ ತಟ್ಟೆಗೆ ಸೊಪ್ಪು ಹರಡುತ್ತಾ ಕೇಳಿಸಿಕೊಂಡ. ಹುಳುಗಳು ಮೇಯುವ ಸದ್ದು ಕೋಣೆ ತುಂಬಿತ್ತು. ಕೊನೆಯ ತಟ್ಟೆ ಮುಗಿದ ಮೇಲೆ ಕೈ ಒರೆಸಿಕೊಂಡ.

“ಎಸ್ರೇನಂದೆ?”

“ರವಿಚಂದ್ರ.”

ಮದುವೆಯಾದ ಮೇಲೆ ಆ ಹೆಸರು ಅವಳ ಬಾಯಿಂದ ಹೊರಗೆ ಬಂದದ್ದು ಅದೇ ಮೊದಲು. ರಾಜೇಂದ್ರ ಬಹಳ ಹೊತ್ತು ಅವಳ ಕಡೆ ನೋಡಿದ. ಅವನಿಗೂ ಎಲ್ಲೋ ನೋವಾಗಿತ್ತು, ಮುಖದಲ್ಲಿ ಕಾಣುತ್ತಿತ್ತು.

“ಅಲ್ಲೆಲ್ಲೂ ಅತ್ತಿಲ್ಲ ನೀನು” ಅಂದ. “ಒಳೀಕೋಗಿ ಅತ್ಕೊ. ಯಾರಾದ್ರೂ ಗಿರಾಕಿ ಬಂದ್ರೆ ಇಲ್ಲ ಅಂತೀನಿ.”

ಅವನು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ. ನಾಗಮಣಿ ಮಿಷನ್ನಿನ ಪಕ್ಕದಲ್ಲಿ, ಗಿರಾಕಿಗಳ ಬಟ್ಟೆಯ ಗಂಟುಗಳ ನಡುವೆ ನೆಲದ ಮೇಲೆ ಕುಳಿತು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಸೆರಗು ತೆಗೆದು ಬೀದಿಗೆಲ್ಲ ಕೇಳಿಸುವ ಹಾಗೆ ಅತ್ತಳು.