ಆರನೆಯ ಹಲಗೆ

ನಮ್ಮ ಭಾವನಿಗೆ ಪಿಕಪ್ ಗಾಡಿಯ ಮರದ ಹಾಸೆಂದರೆ ಪ್ರಾಣ. ನರ್ಸರಿಯ ಹೂಕುಂಡಗಳಿಗೆ ನೀರುಣಿಸಿ, ಗಾಡಿಗೆ ಹೇರಿ, ಮನೆಮನೆಗೆ ಮುಟ್ಟಿಸಿ ಬಂದವರೇ ಆ ಒದ್ದೆ ಹಾಸಿನ ಮೇಲೆ ಟಾರ್ಪಾಲು ಬಿಗಿಯುತ್ತಾರೆ. ಬಿಸಿಲು ಸೋಕಬಾರದು, ಧೂಳು ಕೂರಬಾರದು.

ಹಾಸು ಹಾಕಿಕೊಟ್ಟ ಬಡಗಿ ನಾನೇ. ಮೂರೇ ವರ್ಷಕ್ಕೆ ಹಲಗೆ ಲಡ್ಡಾಯಿತೆಂದು ಕರೆಸಿ, ಅಕ್ಕನ ಎದುರಿಗೇ ನನ್ನ ಮರ್ಯಾದೆ ತೆಗೆದರು. ನನಗೂ ಮೈ ಉರಿಯಿತು. ಉಳಿ ತೆಗೆದು ಒತ್ತಿ ನೋಡಿದೆ. ಐದು ಹಲಗೆಗಳಲ್ಲಿ ಅದು ಬೆಣ್ಣೆಗೆ ಇಳಿದಂತೆ ಇಳಿಯಿತು. ಆರನೆಯದು ಮಾತ್ರ ಕಲ್ಲಿನಂತಿತ್ತು. ಎಲ್ಲವೂ ಒಂದೇ ಮರದವು, ಒಂದೇ ದಿನ ಕೊಯ್ದವು, ಒಂದೇ ಡಬ್ಬದ ಎಣ್ಣೆ ಕುಡಿದವು. ಹಾಗಿದ್ದ ಮೇಲೆ ಇದೊಂದಕ್ಕೇನು ಕೊಂಬು ಬಂದಿದೆ? ಬೈಸಿಕೊಂಡದ್ದೂ ಮರೆತುಹೋಯಿತು. ಗಾಡಿಯಡಿ ತೂರಿ ನೋಡಿದೆ, ಕೆರೆದು ನೋಡಿದೆ, ಮೂಸಿಯೂ ನೋಡಿದೆ. ಏನೂ ಬಗೆಹರಿಯಲಿಲ್ಲ.

ಅಷ್ಟರಲ್ಲಿ ಅಕ್ಕ ಮಡಚಲೆಂದು ಟಾರ್ಪಾಲನ್ನು ಹಾಸಿನ ಮೇಲೆ ಹರಡಿದಳು. ಅದರಲ್ಲೊಂದು ಮಾರುದ್ದದ ಹರಕು. ಅಳತೆ ತೆಗೆದು ಕತ್ತರಿಸಿದಂತೆ, ಸರಿಯಾಗಿ ಆರನೆಯ ಹಲಗೆಯ ಮೇಲೇ ಬಂದು ಕೂತಿತು.

"ಭಾವ, ಈ ಹರಕು ಯಾವಾಗಿಂದು?"

"ಮೊದಲನೇ ವರ್ಷದ್ದೇ. ಯಾಕೆ?"

"ಗಾಳಿ ಆಡಿರೋದು ಇದೊಂದಕ್ಕೇ. ಮಿಕ್ಕಿದ್ದೆಲ್ಲ ಒದ್ದೆ ಆರದೆ ಕೊಳೆತಿದೆ, ನೋಡಿ."

ಭಾವ ಹರಕನ್ನೂ ಹಲಗೆಯನ್ನೂ ಬಹಳ ಹೊತ್ತು ನೋಡಿದರು. ಎಲ್ಲ ಅರ್ಥವಾಯಿತೆಂಬಂತೆ ತಲೆದೂಗಿ ಅಕ್ಕನ ಕಡೆ ತಿರುಗಿದರು.

"ದಬ್ಬಳ ದಾರ ತಗೊಂಡ್ಬಾ. ಇದನ್ನ ಹೊಲಿದು, ಆ ಒಂದು ಹಲಗೆನಾದ್ರೂ ಉಳಿಸ್ಕೊಳ್ಳೋಣ."