ಕಾವುಪೆಟ್ಟಿಗೆಯ ಆಫ್‌ಸೆಟ್ ದೋಷ

೧

ಈ ಕಥೆಯನ್ನು ಕೋಳಿಯಿಂದ ಶುರುಮಾಡಲೋ ಮೊಟ್ಟೆಯಿಂದಲೋ? ನಗಬೇಡಿ, ನಿಜವಾಗಿಯೂ ಅದೇ ತಾಪತ್ರಯ. ಕೋಳಿಯಿಂದ ಶುರುಮಾಡಿದರೆ ಅದು ಕೂಡಲೇ ಸಾಯುತ್ತದೆ. ಮೊಟ್ಟೆಯಿಂದಾದರೆ ಎಲೆಕ್ಟ್ರಾನಿಕ್ಸ್ ಬರುತ್ತದೆ, ನೀವು ಪುಟ ಮಗುಚುತ್ತೀರಿ.

ಸರಿ, ಕೋಳಿ ಸಾಯಲಿ.

೨

ಬೀಜಾಡಿಯ ಮಂಜಯ್ಯನವರಿಗೆ ಒಂದು ಹುಂಜವಿತ್ತು. ಹೆಂಡತಿ ಗುಲಾಬಕ್ಕನಿಗಿಂತ ಅದರ ಮೇಲೇ ಪ್ರೀತಿ ಜಾಸ್ತಿ. ("ಹಾಂಗೆಲ್ಲ ಬರೂಕಾಗ ಮಾರಾಯ್ರೆ" ಎಂದು ಗುಲಾಬಕ್ಕ ತಡೆಯುತ್ತಾರೆ. ತಡೆಯಲಿ, ಬರೆಯುವವನು ನಾನು.)

ಆ ಮನೆಯ ಪದ್ಧತಿಯೆಂದರೆ, ನೆಂಟರು ಬರುವ ದಿನ ಅಡುಗೆಗೆ ಹೋಗುವ ಕೋಳಿಯನ್ನು ಬೆಳಿಗ್ಗೆಯೇ ಹಿಡಿದು ಬುಟ್ಟಿ ಕವುಚಿಡುವುದು. ಮುಂಬೈಯಿಂದ ನಾದಿನಿ ಬಂದ ದಿನ ಮಂಜಯ್ಯನವರು, ಹುಂಜದ ಕಾಲು ಉಳುಕಿದೆಯೆಂದು ಅರಸಿನ ಹಚ್ಚಿ, ಓಡಾಡದಿರಲಿ ಅಂತ ಬುಟ್ಟಿ ಕವುಚಿದರು. ಅರಸಿನವನ್ನೂ ಹಚ್ಚಿಕೊಟ್ಟಿದ್ದಾರಲ್ಲ, ಎಂಥಾ ಗಂಡ ಅಂದುಕೊಂಡರು ಗುಲಾಬಕ್ಕ.

ಮಂಜಯ್ಯನವರು ಎರಡೆರಡು ಸಲ ಬಡಿಸಿಕೊಂಡು, "ಇವತ್ತ್ ಕೋಳಿ ಸುಕ್ಕ ಲಾಯ್ಕ್ ಆಯ್ತ್" ಅಂದರು. ಕೈತೊಳೆದು ಹುಂಜಕ್ಕೆ ಅಕ್ಕಿ ಹಾಕಲು ಹೋದರು.

ಅಂದಿನಿಂದ ಹೆಂಡತಿಯ ಹತ್ತಿರ ಮಾತಿಲ್ಲ. ಏನಿದ್ದರೂ ಅಂಗಳದ ನಾಯಿಗೆ ಹೇಳುತ್ತಾರೆ: "ಯಾರಾರೂ ಒಂದ್ ಚಾ ಕೊಟ್ರೆ ಅಡ್ಡಿಲ್ಲೆ."

ಹುಂಜದ ಸಂತಾನವೆಂದು ಉಳಿದದ್ದು ಒಂದಷ್ಟು ಮೊಟ್ಟೆ. ಹೇಂಟೆ ಕಾವಿಗೆ ಕೂರಲೊಲ್ಲದು. ಮರಿಯಾದರೆ ಮಾತೂ ಬಂದೀತೆಂದು ಗುಲಾಬಕ್ಕನ ಆಸೆ.

೩

ಇಲ್ಲಿ ಕಂಪ್ಯಾರೇಟರ್ ಬಗ್ಗೆ ಎರಡು ಪುಟ ಬರೆದಿದ್ದೆ. ಓದುತ್ತ ನನಗೇ ನಿದ್ದೆ ಬಂತು, ಹರಿದುಹಾಕಿದೆ. ಕೋಟೇಶ್ವರದಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಅಕ್ಷಿತಾಳೇ ಹೇಳಲಿ. ಥರ್ಮಾಕೋಲ್ ಡಬ್ಬ, ಬಲ್ಬು, ಸರ್ಕ್ಯೂಟು ಸೇರಿಸಿ ಕಾವುಪೆಟ್ಟಿಗೆ ಮಾಡಿಕೊಟ್ಟವಳು ಅವಳು. ಬಿಸಿ ಸಾಲುತ್ತಿಲ್ಲವೆಂದು ಗುಲಾಬಕ್ಕ ದೂರಿದ್ದಕ್ಕೆ ಈಗ ಪೆಟ್ಟಿಗೆ ಬಿಚ್ಚಿ ಕೂತಿದ್ದಾಳೆ.

"ಇದ್ ಎರಡ್ ವೋಲ್ಟೇಜ್ ಹೋಲ್ಸಿ ಕಾಂಬುದ್, ಗುಲಾಬಕ್ಕ. ಒಂದ್ ಪೆಟ್ಟಿಗೆ ಬಿಸಿದ್, ಇನ್ನೊಂದ್ ನೀವ್ ಈ ಗುಬ್ಬಿ, ಈ ನಾಬ್, ತಿರ್ಗ್ಸಿ ಇಟ್ಟದ್. ಬಿಸಿ ಕಮ್ಮಿ ಆಯ್ತಂದ್ರೆ ಬಲ್ಬ್ ಹೊತ್ತತ್ತ್. ಆದ್ರೆ ಇದ್ಕೆ ಹುಟ್ಟುವತ್ತಿಗೇ ಪಕ್ಷಪಾತ. ಎರಡೂ ಸಮ ಇದ್ರೂ ಬಿಸಿಯೇ ಹೆಚ್ಚಂತ್ ಹೇಳತ್ತ್, ಬಲ್ಬ್ ಬೇಗ ಆರತ್ತ್. ಅದೇ ಆಫ್‌ಸೆಟ್."

"ನಮ್ಮ್ ಅತ್ತಿ ಹಾಂಗೆ" ಅಂದರು ಗುಲಾಬಕ್ಕ.

ಅಕ್ಷಿತಾ ಎರಡೂ ಇನ್‌ಪುಟ್ಟುಗಳನ್ನು ಒಂದೇ ತಂತಿಗೆ ಸೇರಿಸಿ, ಸಣ್ಣ ಸ್ಕ್ರೂ ತಿರುಗಿಸುತ್ತ ಹೋದಳು. ಎಲ್‌ಇಡಿ ಹೊತ್ತಲೋ ಆರಲೋ ಎಂದು ಮಿಣುಕತೊಡಗಿದಾಗ ನಿಲ್ಲಿಸಿ, ಸ್ಕ್ರೂ ಅಲುಗಾಡದಂತೆ ನೇಲ್ ಪಾಲಿಶ್ ಹಚ್ಚಿದಳು. ದೋಷ ಹೋಯಿತು.

ಕಥೆಯೂ ಅಲ್ಲಿಗೇ ಮುಗಿಯಬೇಕಿತ್ತು.

೪

ಮರುದಿನ ಪೆಟ್ಟಿಗೆ ಕಾದ ಕಾವಲಿ. ಏನಾಗಿತ್ತೆಂದರೆ, ಮೊದಲಿನಿಂದಲೂ ಬಿಸಿ ಸಾಲದೆಂದು ಗುಲಾಬಕ್ಕ ಗುಬ್ಬಿಯನ್ನು ಚೂರು ಏರಿಸಿಟ್ಟಿದ್ದರು. ಅವರು ಬಚ್ಚಲಿಗೆ ಹೋದಾಗ, ಮೊಟ್ಟೆಗೂ ತನಗೂ ಸಂಬಂಧವೇ ಇಲ್ಲವೆಂಬಂತಿದ್ದ ಮಂಜಯ್ಯನವರೂ ಕದ್ದು ಚೂರು ಏರಿಸಿದ್ದರು. ಮಾತಿಲ್ಲದ ಮನೆ, ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ದೋಷ ಹೋದದ್ದೇ ಆ ಎರಡು ಚೂರೂ ಹೆಚ್ಚಾದವು. ಈಗ ಬಿಸಿ ಕಂಡು ಇಬ್ಬರೂ ಇಳಿಸಿದರು. ತಣ್ಣಗಾಯಿತು. ಇಬ್ಬರೂ ಏರಿಸಿದರು.

ಅಕ್ಷಿತಾ ಬಂದು ಪರೀಕ್ಷಿಸಿದವಳೇ ಸಿಟ್ಟಾದಳು. "ಸರ್ಕ್ಯೂಟಿಗೆ ಎಂತದೂ ಆಯ್ಲಿಲ್ಲ. ಇಬ್ರಿಬ್ರ್ ತಿರ್ಗ್ಸಿರೆ ಮೊಟ್ಟೆ ಬೇಯತ್ತ್, ಇಲ್ದಿದ್ರೆ ಕೊಳಿತತ್ತ್. ಯಾರ್ ತಿರ್ಗ್ಸುದಂತ್ ಮಾತಾಡ್ಕಣಿ!"

ಮಾತಾಡುವುದಂತೆ.

೫

ಮುಕ್ತಾಯಗಳು:

(ಅ) ಎಲ್ಲವೂ ಮರಿಯಾದವು. ("ಅಷ್ಟ್ ಸುಲಭ ಇದ್ದಿದ್ರೆ ನಾ ಯಾಕ್ ಮರ್ಕುದ್?" ಗುಲಾಬಕ್ಕ, ಕಣ್ಣೊರೆಸುತ್ತ.)

(ಆ) ಒಂದೂ ಆಗಲಿಲ್ಲ. (ಗುಲಾಬಕ್ಕ ಸೌಟು ಕೈಗೆತ್ತಿಕೊಂಡರು. ಹೊಡೆದುಹಾಕಿದ್ದೇನೆ.)

(ಇ) ಅಕ್ಷಿತಾ ಡಿಜಿಟಲ್ ಕಂಟ್ರೋಲರ್ ಹಾಕಿದಳು. ("ಅದ್ಕೂ ಬಟನ್ ಇರತ್ತಲೆ!" ಇದೂ ಗುಲಾಬಕ್ಕನೇ.)

ನಾಲ್ಕನೆಯದನ್ನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಮಂಜಯ್ಯನವರು ಒಳಗೆ ಬಂದರು. ನಾನು ಕರೆದಿರಲಿಲ್ಲ. ಗುಬ್ಬಿಗೆ ಕೈ ಹಾಕಹೊರಟವರು, ಅಲ್ಲಿ ಆಗಲೇ ಗುಲಾಬಕ್ಕನ ಕೈ ಇರುವುದು ಕಂಡು ನಿಂತರು. ಒಂದು ಡೈಲಾಗ್ ಕೊಡೋಣವೆಂದು ನಾನು ತಡಕಾಡಿದೆ, ಒಂದೂ ಸಿಗಲಿಲ್ಲ.

"ಇವತ್ತ್ ನೀ ತಿರ್ಗ್ಸಿದ್ಯಾ?" ಅವರೇ ಕೇಳಿದರು.

"ಹೂಂ. ಚೂರ್."

"ಹಾಂಗಾರೆ ನಾ ತಿರ್ಗ್ಸ್ತಿಲ್ಲೆ."

ಗುಲಾಬಕ್ಕ ಸೆರಗಿನಿಂದ ಮೂಗೊರೆಸಿಕೊಂಡರು. ನಾನು ಪೆನ್ನು ಕೆಳಗಿಟ್ಟೆ. ಆದರೂ ಓದುಗರು ಕೇಳುತ್ತಾರಲ್ಲ ಅಂತ ಬಾಯಿಬಿಟ್ಟೆ: "ಮರಿ ಆಯ್ತದಾ, ಗುಲಾಬಕ್ಕ?"

"ನೀವೀಗ ಒಂಚೂರ್ ಹೊರ್ಗ್ ಕೂಕಣಿ, ಮಾರಾಯ್ರೆ" ಅಂದರು ಗುಲಾಬಕ್ಕ. "ಅವ್ರ್ ಎಂತದೋ ಹೇಳ್ತಾ ಇದ್ರ್."