ವಾಚನಾಲಯದವರು ಹಂಚಿದ ಆಟ

ನಿಜಾಮನ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಆಕ್ಷನ್ನಿನ ಮರುವರ್ಷ ಸೇಡಂ ಬಳಿಯ ಹಳ್ಳಿಯೊಂದರಲ್ಲಿ ಕನ್ನಡ ವಾಚನಾಲಯ ತೆರೆಯಿತು. ಊರೂರಲ್ಲಿ ಬಯಲಾಟ ಕಲಿಸಿ ಹೊಟ್ಟೆ ಹೊರೆಯುತ್ತಿದ್ದ ಅಂಬಾರಾಯ ತಾನು ಬರೆದ ಆಟವನ್ನು ಅಲ್ಲಿಗೆ ಕೊಟ್ಟ. ವಾಚನಾಲಯ ನೋಡಿಕೊಳ್ಳುವ ಗುರುಲಿಂಗಯ್ಯ ಅದನ್ನು ಅಚ್ಚು ಹಾಕಿಸಿ ಹಳ್ಳಿಗಳಿಗೆ ಪುಕ್ಕಟೆ ಹಂಚಿದ.

ಸುಗ್ಗಿ ಮುಗಿದರೂ ಆಟ ಕಲಿಸಲು ಯಾರೂ ಕರೆಯದಿದ್ದಾಗ ಅಂಬಾರಾಯನೇ ವಾಚನಾಲಯಕ್ಕೆ ಬಂದ.

“ಪುಸ್ತಕ ಅದ, ಮಾಸ್ತರ ಯಾಕ ಬೇಕು ಅಂತಾರ್ರಿ ಕಾಳಗಿ ಊರಿನವರು.”

“ವಾಚನಾಲಯಕ್ಕ ಬಂದಿದ್ದು ಎಲ್ಲರದೂ ಅಂತ ತಿಳದಿದ್ದೆ, ಮಾಸ್ತರ.”

“ಓದ್ಲಾಕ ಕೊಟ್ಟಿದ್ದೆ, ಅಯ್ಯನೋರ. ನನ್ನೊಂದು ಮಾತು ಕೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ತು?”

ಅಷ್ಟರಲ್ಲಿ ಭಂಕೂರಿನವನೊಬ್ಬ ಬಂದು ಅದೇ ಪುಸ್ತಕ ಕೇಳಿದ.

“ಇವರನ್ನ ಕೇಳಪಾ. ಆಟ ಇವರದು,” ಎಂದ ಗುರುಲಿಂಗಯ್ಯ.

“ಇವರು ಯಾರ್ರಿ?” ಎಂದ ಅವನು.

ಪುಸ್ತಕದ ಮೇಲೆ ಗುರುಲಿಂಗಯ್ಯ ಹಾಕಿಸಿದ್ದು ವಾಚನಾಲಯದ ಹೆಸರೊಂದನ್ನೇ.